ಇಸ್ತ್ರಿಯಕ್ಕ ಇವತ್ತೂ ತಡ

ಹೋಟೆಲಿನ ಮ್ಯಾನೇಜರು ಫೋನಿನಲ್ಲಿ ಯಜಮಾನನಿಗೆ ಏನೇನು ಅಂದನೋ ಮನೆಯವರಿಗೆ ಕೇಳಿಸಲಿಲ್ಲ. ಊಟಕ್ಕೆ ಕೂತವನು ತಟ್ಟೆಯನ್ನು ಅತ್ತ ತಳ್ಳಿ, ನೀರಿನ ಲೋಟ ಕುಕ್ಕಿ, "ನಾಳೆಯಿಂದ ನೋಡ್ತಾ ಇರಿ ಎಲ್ಲರೂ," ಎಂದಾಗಲೇ ಏನೋ ಎಡವಟ್ಟಾಗಿದೆ ಎಂದು ಗೊತ್ತಾದದ್ದು.

"ನಾವೇನಪ್ಪ ಮಾಡಿದ್ವಿ?" ಎಂದಳು ಮಗಳು. ಕಾಲೇಜಿಗೆ ಹೋಗುವ ಹುಡುಗಿ. ಅಪ್ಪನ ಸಿಟ್ಟು ಅವಳಿಗೆ ದಿನಾ ಬರುವ ಪೇಪರಿನ ಹಾಗೆ, ತಲೆಬರಹ ನೋಡಿ ಬದಿಗಿಡುತ್ತಿದ್ದಳು.

"ನಿಮಗಲ್ಲ ಹೇಳಿದ್ದು, ಕೆಳಗಿನವರಿಗೆ. ವ್ಯಾನ್ ಹೊರಡೋ ಹೊತ್ತಿಗೆ ಬೆಡ್‌ಶೀಟಿಗೆ ಇಸ್ತ್ರಿ ಆಗಿರಲ್ಲ. ಯಾಕಂದ್ರೆ ಇಸ್ತ್ರಿ ಮಾಡೋರು ಇನ್ನೂ ದಾರೀಲಿರ್ತಾರೆ. ನಿಮ್ಮದು ಲಾಂಡ್ರಿನಾ ಧರ್ಮಛತ್ರಾನಾ ಅಂತ ಕೇಳ್ತಾನೆ ಆ ಮ್ಯಾನೇಜರ್. ಇನ್ನೊಂದ್ಸಲ ಹಿಂಗಾದ್ರೆ ಬಟ್ಟೆ ಬೇರೆ ಕಡೆ ಕೊಡ್ತಾನಂತೆ."

ಕೆಳಗೆ ಎಂದರೆ ಲಾಂಡ್ರಿ. ರಸ್ತೆಯ ಕಡೆಗೆ ಬಿಲ್ಲು ಬರೆಯುವ ಕೌಂಟರು, ಅದರ ಹಿಂದೆ ಒಗೆಯುವ ಮೆಷಿನ್ನುಗಳು, ಗೋಡೆಯುದ್ದಕ್ಕೂ ಇಸ್ತ್ರಿ ಮೇಜುಗಳು. ಅದನ್ನು ದಾಟಿದರೆ ಯಜಮಾನನ ತಾಯಿಯ ಕೋಣೆ, ಹಿತ್ತಲು, ಹಿತ್ತಲಿನಿಂದ ಓಣಿಗೆ ಹೋಗಲು ಒಂದು ತಗಡಿನ ಬಾಗಿಲು. ಅಡುಗೆಮನೆ, ಮಲಗುವ ಕೋಣೆಗಳೆಲ್ಲ ಮೇಲೆ. ಹೋಟೆಲುಗಳಿಂದ, ನರ್ಸಿಂಗ್ ಹೋಮುಗಳಿಂದ ಬಟ್ಟೆ ರಾಶಿರಾಶಿಯಾಗಿ ಬಂದು ಬೆಳ್ಳಗಾಗಿ ಹೋಗುತ್ತಿತ್ತು. ಯಜಮಾನನ ಹೆಂಡತಿ, ಆ ಮನೆಯ ಸೊಸೆ, ಬೆಳಿಗ್ಗೆ ಅಡುಗೆ ಮುಗಿಸಿ ಇಳಿದು ಕೌಂಟರಿನಲ್ಲಿ ಕೂರುತ್ತಿದ್ದಳು, ಸಂಜೆ ಹತ್ತಿ ಮತ್ತೆ ಒಲೆಯ ಮುಂದೆ ನಿಲ್ಲುತ್ತಿದ್ದಳು. ಮದುವೆಯಾದ ಮೇಲೆ ಅವಳು ಮಾಡಿದ ದೊಡ್ಡ ಪ್ರವಾಸವೆಂದರೆ ಈ ಮೆಟ್ಟಿಲು ಹತ್ತಿಳಿದದ್ದೇ.

"ಒಂದು ಹಲಗೆ ಮಾಡಿಸಿದ್ದೀನಿ," ಎಂದ ಯಜಮಾನ. "ಎಲ್ಲರಿಗೂ ಒಂದೊಂದು ಬಿಲ್ಲೆ. ಬಂದವರು ತಗುಲಿ ಹಾಕಬೇಕು. ಬೆಲ್ ಹೊಡೀತಿದ್ದ ಹಾಗೇ ಹಲಗೆಗೆ ಬೀಗ. ಬಿಲ್ಲೆ ಕೈಯಲ್ಲೇ ಉಳಿದ್ರೆ ಅರ್ಧ ದಿನದ ಕೂಲಿ ಇಲ್ಲ. ಅದೇ ಚಾಳಿ ಮುಂದುವರಿದ್ರೆ ಬಿಲ್ಲೆ ನನ್ನ ಕೈಗೆ ಕೊಟ್ಟು ಮನೆಗೆ ಹೋಗ್ತಾ ಇರಲಿ."

"ನಮ್ಮ ಸ್ಕೂಲಲ್ಲೂ ಹಿಂಗೇ ಮಾಡ್ತಿದ್ರು. ಲೇಟಾದವರನ್ನ ಬಿಸಿಲಲ್ಲಿ ನಿಲ್ಸೋರು. ನಾವು ಬೇಗ ಬರೋದು ಕಲೀಲಿಲ್ಲ, ಸುಳ್ಳು ಹೇಳೋದು ಕಲಿತ್ವಿ."

"ನೀನು ಮೊದಲು ಬೆಳಿಗ್ಗೆ ಏಳೋದು ಕಲಿ."

ಅತ್ತೆ ಬಾಯಿಗಿಟ್ಟ ತುತ್ತು ನುಂಗದೆ ಕೇಳಿದರು, "ಇಸ್ತ್ರಿಯಕ್ಕನಿಗೂನಾ?"

"ಎಲ್ಲರಿಗೂ ಅಂದ್ರೆ ಎಲ್ಲರಿಗೂ ಅಮ್ಮ. ಅವಳೇ ಅಲ್ವಾ ಇದಕ್ಕೆಲ್ಲ ಮೂಲ?"

ಅತ್ತೆ ತಟ್ಟೆಯಲ್ಲಿ ಅರ್ಧ ಅನ್ನ ಬಿಟ್ಟು ಎದ್ದು, ಮೆಟ್ಟಿಲ ಕಂಬಿ ಹಿಡಿದು ನಿಧಾನವಾಗಿ ಕೆಳಗಿಳಿದರು. ಪಲ್ಯಕ್ಕೆ ಉಪ್ಪು ಹೆಚ್ಚಾಯಿತೇನೋ ಎಂದುಕೊಂಡಳು ಸೊಸೆ.

ಇಸ್ತ್ರಿಯಕ್ಕ ಆ ಲಾಂಡ್ರಿಯ ಅತಿ ಹಳೆಯ ಕೆಲಸದವಳು. ಮೆಷಿನ್ನುಗಳಿಲ್ಲದ ಕಾಲದಲ್ಲಿ, ಮೆಟ್ಟಿಲ ಕೆಳಗೆ ಒಂದೇ ಮೇಜು ಇದ್ದಾಗ, ಅತ್ತೆಯೇ ಎಲ್ಲಿಂದಲೋ ಕರೆತಂದು ನಿಲ್ಲಿಸಿದ್ದರು. ಕೈ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಹೊಸಬರ ಮೇಜಿನಿಂದ ಒಳ್ಳೆಯ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡು ತನ್ನ ಕೆಟ್ಟದ್ದನ್ನು ಇಟ್ಟುಬರುವುದು, ಚಹಾದ ಹೊತ್ತಿನಲ್ಲಿ ಎರಡು ಲೋಟ ಕುಡಿದು ಒಂದಕ್ಕೆ ಮಾತ್ರ ಒಪ್ಪಿಕೊಳ್ಳುವುದು, ಇಂಥವಕ್ಕೆಲ್ಲ ಅವಳು ಹೆಸರುವಾಸಿ. ಯಾರಾದರೂ ದೂರಿದರೆ, "ಹೋಗಿ ಹೇಳ್ಕೊಳ್ಳಿ. ನನ್ನ ಯಾರು ತೆಗೀತಾರೋ ನಾನೂ ನೋಡ್ತೀನಿ," ಎನ್ನುತ್ತಿದ್ದಳು. ಅಷ್ಟು ಧೈರ್ಯ ಎಲ್ಲಿಂದ ಬಂತೆಂದು ಸೊಸೆಗೆ ಎಷ್ಟೋ ಸಲ ಸೋಜಿಗವಾಗಿತ್ತು.

ಹಲಗೆ ಕೆಲಸ ಮಾಡಿತು, ಅದನ್ನು ಇಲ್ಲವೆನ್ನುವಂತಿಲ್ಲ. ಎಂದೂ ಓಡದವರು ಓಡಿ ಬಂದರು. ತಲೆ ಬಾಚದೆ ಬಂದರು, ತಿಂಡಿ ಕೈಯಲ್ಲಿ ಹಿಡಿದು ಬಂದರು. ವ್ಯಾನು ಹೊತ್ತಿಗೆ ಸರಿಯಾಗಿ ಹೊರಟಿತು. ಯಜಮಾನ ಹೊಸ ಮದುವೆ ಗಂಡಿನ ಹಾಗೆ ದಿನಾ ಗಡ್ಡ ಬೋಳಿಸಿಕೊಂಡು ಹಲಗೆಯ ಪಕ್ಕ ನಿಲ್ಲತೊಡಗಿದ. ಬಿಲ್ಲೆಗಳೆಲ್ಲ ಸಾಲಾಗಿ ತೂಗಾಡುತ್ತಿದ್ದವು; ಒಂದು ಮೊಳೆ ಮಾತ್ರ ಬರಿದಾಗಿರುತ್ತಿತ್ತು.

"ಇವತ್ತೇನು?"

"ಬಸ್ಸು ಬರಲಿಲ್ಲ ಯಜಮಾನ್ರೇ."

ಮಾರನೆಯ ದಿನ ನೀರು ಬಂದಿರಲಿಲ್ಲ. ಆಮೇಲೊಂದು ದಿನ ಹಲ್ಲುನೋವು.

"ಹಲ್ಲುನೋವಿಗೂ ಲೇಟಾಗೋದಕ್ಕೂ ಏನು ಸಂಬಂಧ?"

"ಓಡಿದ್ರೆ ಹಲ್ಲು ಅಲ್ಲಾಡ್ತವೆ."

ಮೇಜುಗಳ ಹಿಂದೆ ಎಲ್ಲರೂ ನಕ್ಕರು. ಯಜಮಾನ ನಗಲಿಲ್ಲ. ಅವಳು ಕಂಕುಳಲ್ಲಿದ್ದ ಚೀಲದಿಂದ ಏನೋ ಒದ್ದೆ ಬಟ್ಟೆ ತೆಗೆದು, ಹೋಟೆಲಿನ ಬೆಡ್‌ಶೀಟುಗಳ ನಡುವೆ ಹಾಕಿ, ಬಿಸಿ ಇಸ್ತ್ರಿಯಡಿ ಹಬೆ ಎಬ್ಬಿಸತೊಡಗಿದಳು. ಮನೆಯ ಬಟ್ಟೆಯನ್ನೂ ಇಲ್ಲೇ ಒಣಗಿಸಿಕೊಳ್ಳುತ್ತಾಳಲ್ಲ, ಎಂಥ ದುರಾಸೆ ಎಂದು ಮೂಗು ಮುರಿದಳು ಸೊಸೆ. ಅದನ್ನು ಗಂಡನಿಗೆ ಹೇಳಲೂ ಹೇಳಿದಳು.

ಮಗಳ ಪರೀಕ್ಷೆ ಶುರುವಾದ ವಾರ ಸೊಸೆ ಎಂದಿಗಿಂತ ಬೇಗ ಎದ್ದಳು. ಹಾಲು ಒಲೆಯ ಮೇಲಿಟ್ಟರೆ ಗ್ಯಾಸು ಮುಗಿದಿತ್ತು. ತುಂಬಿದ ಸಿಲಿಂಡರು ಹಿತ್ತಲ ಕೋಣೆಯಲ್ಲಿ. ಬೈದುಕೊಳ್ಳುತ್ತ ಕೆಳಗಿಳಿದು ಹಿತ್ತಲ ಬಾಗಿಲು ಅರ್ಧ ತೆರೆದವಳು ಅಲ್ಲೇ ನಿಂತಳು.

ಒಗೆಯುವ ಕಲ್ಲಿನ ಮುಂದೆ ಇಸ್ತ್ರಿಯಕ್ಕ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಕೈಯಲ್ಲಿದ್ದದ್ದು ಅತ್ತೆಯ ಹಾಸಿಗೆಯ ಬೆಡ್‌ಶೀಟು. ಅತ್ತೆ ಗೋಡೆ ಹಿಡಿದು, ಮೈಗೆ ಟವೆಲು ಸುತ್ತಿಕೊಂಡು, ಚಿಕ್ಕ ಮಗುವಿನ ಹಾಗೆ ನಡುಗುತ್ತ ನಿಂತಿದ್ದರು. ಈಗಷ್ಟೇ ಸ್ನಾನ ಮಾಡಿಸಿದ ನೀರು ಕಾಲ ಬಳಿ ಹರಿಯುತ್ತಿತ್ತು.

"ಇವತ್ತು ಗಾದಿಗೂ ಇಳಿದಿದೆ ದೊಡ್ಡಮ್ಮ. ಪ್ಲಾಸ್ಟಿಕ್ ಸರಿಯಾಗಿ ಹಾಸ್ಕೊಳ್ಳಿ ಅಂತ ಹೇಳಿರಲಿಲ್ವಾ?"

"ಹಾಸಿದ್ದೆ ಕಣೆ. ನಿದ್ದೇಲಿ ಸರಿದುಹೋಗಿದೆ. ಮೆತ್ತಗೆ ಮಾತಾಡೇ ಮಾರಾಯ್ತಿ."

"ನಾನು ಮೆತ್ತಗೇ ಮಾತಾಡ್ತೀನಿ, ನಿಮ್ಮ ಮಗ ಮೆತ್ತಗೆ ಮಾತಾಡ್ತಾರಾ? ಅರ್ಧರ್ಧ ಕೂಲಿ ಹೋಗ್ತಿದೆ. ಒಂದು ಮಾತು ಹೇಳಿ ಅವರಿಗೆ. ಏನಂತ ಹೇಳಬೇಡಿ, ನನ್ನ ಕೆಲಸಕ್ಕೆ ಬರ್ತಾಳೆ ಅಂತನ್ನಿ, ಸಾಕು."

"ಹೇಳ್ತೀನಿ. ಸಮಯ ನೋಡಿ ಹೇಳ್ತೀನಿ. ನಿನ್ನ ಕೈಬಿಡ್ತೀನಾ?"

"ಆ ಮೆಷಿನ್ನಿಗೆ ಹಾಕಿದ್ರೆ ಎರಡು ನಿಮಿಷದ ಕೆಲಸ."

"ಆ ಹುಡುಗರ ಕೈಗಾ? ಊರೆಲ್ಲ ಸಾರಿಬರ್ತಾರೆ. ನಮ್ಮ ಲಾಂಡ್ರೀಲೇ ನನ್ನ ಮಾನ ತೊಳೀತಾರೆ."

ಸೊಸೆಗೆ ಎಲ್ಲ ಒಂದೇ ಏಟಿಗೆ ಅರ್ಥವಾಯಿತು. ಅತ್ತೆ ಕೋಣೆಗೆ ಬೀಗ ಹಾಕಿಕೊಳ್ಳುವುದು, ಪೌಡರನ್ನು ಡಬ್ಬಿಗಟ್ಟಲೆ ಖಾಲಿ ಮಾಡುವುದು, ಮಧ್ಯಾಹ್ನದ ನಂತರ ನೀರೇ ಕುಡಿಯದಿರುವುದು. ಮರುಕ ಬಂತು, ಸುಳ್ಳಲ್ಲ. ಆದರೆ ಮರುಕದ ಬೆನ್ನಿಗೇ ಇನ್ನೊಂದು ಬಂತು: ಇದು ಗೊತ್ತಾದರೆ ನಾಳೆಯಿಂದ ಆ ಕಲ್ಲಿನ ಮುಂದೆ ಕೂರುವವರು ಯಾರು? ಗಂಡ ಕೂರುವನೇ? ಮಗಳು ಕೂರುವಳೇ? ಒಲೆ ತನಗೆ, ಕೌಂಟರು ತನಗೆ, ಮತ್ತೆ ಇದೂ ತನಗೇ. ಅವಳು ಸಿಲಿಂಡರಿನ ಗೊಡವೆಗೆ ಹೋಗದೆ, ಸದ್ದಾಗದಂತೆ ಮೇಲೆ ಹತ್ತಿ, "ಇವತ್ತು ಬ್ರೆಡ್ ತಿಂದು ಹೋಗು," ಎಂದು ಮಗಳನ್ನು ಎಬ್ಬಿಸಿದಳು.

ಆಮೇಲಿನ ವಾರಗಳಲ್ಲಿ ಬೆಳಿಗ್ಗೆ ತಗಡಿನ ಬಾಗಿಲು ಕಿರುಗುಟ್ಟಿದ್ದು ಅವಳಿಗೆ ಅಡುಗೆಮನೆಯಲ್ಲೇ ಕೇಳಿಸುತ್ತಿತ್ತು. ಮೊದಲೂ ಕೇಳಿಸುತ್ತಿತ್ತೇನೋ, ಈಗ ಕಿವಿ ಅಲ್ಲೇ ಇತ್ತು. ಬಾಗಿಲು, ಆಮೇಲೆ ನಲ್ಲಿ, ಆಮೇಲೆ ಬಟ್ಟೆ ಕುಕ್ಕುವ ಸದ್ದು, ಕೊನೆಗೆ ಮುಂದಿನಿಂದ ಬೆಲ್ಲು. ಅವಳು ಒಗ್ಗರಣೆಯನ್ನು ಸ್ವಲ್ಪ ಜೋರಾಗಿಯೇ ಹಾಕುತ್ತಿದ್ದಳು.

ಇಷ್ಟರಲ್ಲಿ ವ್ಯಾನ್ ಡ್ರೈವರು ಸಿಕ್ಕಿಬಿದ್ದ. ಹೊತ್ತು ಮೀರಿ ಬರುವುದು ಅವನಿಗೂ ಮತ್ತೆ ಚಾಳಿಯಾಗತೊಡಗಿತ್ತು. ಅವನ ಕೂಲಿ ಕಡಿದು, ಇನ್ನೊಮ್ಮೆ ಹೀಗಾದರೆ ತೆಗೆದುಹಾಕುತ್ತೇನೆ ಎಂದಾಗ ಎಲ್ಲರ ಎದುರಿಗೇ ಕೇಳಿಬಿಟ್ಟ.

"ನನ್ನ ತೆಗೀರಿ ಸಾರ್, ಬೇಜಾರಿಲ್ಲ. ಆದ್ರೆ ಇಸ್ತ್ರಿಯಕ್ಕ ದಿನಾ ನೆಂಟರ ತರ ಬಂದ್ರೂ ಕೆಲಸದಲ್ಲೇ ಇದಾರಲ್ಲ, ಅವರಿಗೆ ಯಾವ ರೂಲು? ನಿಮ್ಮ ಹಲಗೆ ನಮಗೆ ಮಾತ್ರನಾ?"

ಯಜಮಾನನ ಮುಖ ಕಪ್ಪಿಟ್ಟಿತು. ಆ ದಿನ ಊಟಕ್ಕೆ ಕೂತವನು ತಾಯಿಯ ಕಡೆ ತಿರುಗಿದ.

"ಅಮ್ಮ, ಅವಳನ್ನ ಕರ್ಕೊಂಡು ಬಂದವಳು ನೀನು, ಅದಕ್ಕೆ ಮೊದಲೇ ಹೇಳ್ತಿದ್ದೀನಿ. ನಾಳೆ ತಡ ಆದ್ರೆ ತೆಗೆದುಹಾಕ್ತೀನಿ. ಆಮೇಲೆ ನನ್ನ ಮೇಲೆ ಬೇಜಾರು ಮಾಡ್ಕೋಬೇಡ."

ಸೊಸೆ ಅನ್ನ ಬಡಿಸುತ್ತಿದ್ದವಳು ಸೌಟು ಹಿಡಿದೇ ನಿಂತಳು. ಹೇಳಿ ಅತ್ತೆ, ಈಗ ಹೇಳಿ, ನೀವು ಹೇಳಿಬಿಟ್ಟರೆ ನಾನು ಹೇಳುವುದು ತಪ್ಪುತ್ತದೆ ಎಂದು ಅವಳ ಮನಸ್ಸು ಕೂಗಿತು. ಅತ್ತೆ ಅನ್ನದೊಳಗೆ ಕಲ್ಲು ಹುಡುಕುವವರಂತೆ ತಟ್ಟೆ ನೋಡುತ್ತಿದ್ದರು.

"ಏನಾದ್ರೂ ಕಾರಣ ಇರತ್ತಪ್ಪ," ಎಂದಳು ಮಗಳು. "ಕೂರಿಸ್ಕೊಂಡು ಕೇಳಬಾರದಾ?"

"ಕೇಳಿಲ್ವಾ? ದಿನಕ್ಕೊಂದು ಕಥೆ. ಏನಮ್ಮ, ನಿನಗೇನಾದ್ರೂ ಗೊತ್ತಾ?"

"ನನಗೇನು ಗೊತ್ತು?" ಎಂದರು ಅತ್ತೆ.

"ನಿನಗೆ?" ಎಂದ ಹೆಂಡತಿಯ ಕಡೆ ತಿರುಗಿ.

"ನಾನು ಕೌಂಟರಲ್ಲಿರ್ತೀನಿ. ನನಗೆಲ್ಲಿ ಗೊತ್ತಾಗತ್ತೆ ರೀ?"

ಮಾತು ಅಷ್ಟು ಸಲೀಸಾಗಿ ಬಂದದ್ದು ಕಂಡು ಅವಳಿಗೇ ಹೇಸಿಗೆಯಾಯಿತು. ಆದರೂ ಅನ್ನ ಬಡಿಸಿದಳು, ಎಲ್ಲರೂ ಉಂಡರು.

ಮಾರನೆಯ ಬೆಳಿಗ್ಗೆ ತಗಡಿನ ಬಾಗಿಲು ಎಂದಿನಂತೆ ಕಿರುಗುಟ್ಟಿತು. ನಲ್ಲಿ ತಿರುಗಿತು. ಸೊಸೆ ಚಹಾ ಕಾಯಿಸುತ್ತಿದ್ದಳು. ಕೆಳಗಿಳಿದು, 'ನೀನು ಹೋಗು, ಇವತ್ತೊಂದು ದಿನ ನಾನು ಮಾಡ್ತೀನಿ' ಅಂದರೆ ಸಾಕಿತ್ತು. ಇಳಿಯಬೇಕೆಂದು ಒಲೆ ಸಣ್ಣ ಮಾಡಿದಳು ಕೂಡ. ಇಂದು ಇಳಿದರೆ ನಾಳೆಯೂ ಇಳಿಯಬೇಕು ಎನಿಸಿತು. ಮತ್ತೆ ಒಲೆ ದೊಡ್ಡದು ಮಾಡಿದಳು. ಚಹಾ ಉಕ್ಕುವ ಹೊತ್ತಿಗೆ ಬೆಲ್ಲು ಹೊಡೆಯಿತು.

ಅವಳು ಕೌಂಟರಿಗೆ ಬಂದಾಗ ಇಸ್ತ್ರಿಯಕ್ಕ ಹಲಗೆಯ ಮುಂದೆ ನಿಂತಿದ್ದಳು. ಕೈಯಲ್ಲಿ ಬಿಲ್ಲೆ, ಕಂಕುಳಲ್ಲಿ ಒದ್ದೆ ಚೀಲ. ಮೆಷಿನ್ನುಗಳನ್ನು ನಿಲ್ಲಿಸಿ ಎಲ್ಲರೂ ನೋಡುತ್ತಿದ್ದರು. ಡ್ರೈವರು ಹೊಸ್ತಿಲ ಮೇಲೆ ಕೈಕಟ್ಟಿ ನಿಂತಿದ್ದ, ಯಾರ ಮೇಲೋ ಪಣ ಕಟ್ಟಿದವನಂತೆ.

"ಬಿಲ್ಲೆ ಕೊಡು," ಎಂದ ಯಜಮಾನ. "ಲೆಕ್ಕ ಚುಕ್ತಾ ಮಾಡ್ತೀನಿ. ನಾಳೆಯಿಂದ ಬರೋದು ಬೇಡ."

ಇಸ್ತ್ರಿಯಕ್ಕ ಹೆದರಿದಂತೆ ಕಾಣಲಿಲ್ಲ. ಅವಳು ಯಜಮಾನನನ್ನು ನೋಡುತ್ತಲೂ ಇರಲಿಲ್ಲ. ಒಳಬಾಗಿಲಿನಲ್ಲಿ ಅತ್ತೆ ಬಂದು ನಿಂತಿದ್ದರು, ಮಡಿಕೆ ಮುರಿಯದ ಬಟ್ಟೆ ಉಟ್ಟು, ತಲೆ ಬಾಚಿ, ಪೌಡರು ಹಚ್ಚಿಕೊಂಡು.

"ದೊಡ್ಡಮ್ಮ, ಹೇಳಿ," ಎಂದಳು ಇಸ್ತ್ರಿಯಕ್ಕ.

ಎಲ್ಲರ ಕಣ್ಣೂ ಅತ್ತೆಯ ಕಡೆ ಹೊರಳಿತು. ಮೆಷಿನ್ನಿನ ಹುಡುಗರು, ಡ್ರೈವರು, ಮಗ. ಅತ್ತೆ ಸೆರಗು ಸರಿಮಾಡಿಕೊಂಡರು.

"ನಾನೇನು ಹೇಳಲಿ? ಎಲ್ಲರ ಹಾಗೆ ಹೊತ್ತಿಗೆ ಸರಿಯಾಗಿ ಬರೋಕೆ ಏನಾಗಿತ್ತು ನಿನಗೆ?"

ಸೊಸೆ ಬಿಲ್ಲಿನ ಪುಸ್ತಕದ ಮೇಲೆ ತಲೆ ಬಗ್ಗಿಸಿದಳು. ಈಗ ಇವಳು ಬಾಯಿಬಿಡುತ್ತಾಳೆ, ಎಲ್ಲ ಹೊರಗೆ ಬರುತ್ತದೆ ಎಂದು ಕಾಯುತ್ತಿದ್ದಳು. ಇಸ್ತ್ರಿಯಕ್ಕ ಬಾಯಿ ತೆರೆದದ್ದೂ ನಿಜ. ಅತ್ತೆಯನ್ನೇ ದಿಟ್ಟಿಸಿ ನೋಡಿ, ಒಮ್ಮೆ ಸಣ್ಣಗೆ ನಕ್ಕಳು.

"ಬಸ್ಸು ಬರಲಿಲ್ಲ ದೊಡ್ಡಮ್ಮ. ಏನು ಮಾಡೋದು ಹೇಳಿ? ಇನ್ನು ಆ ಬಸ್ಸಿಗೆ ಕಾಯೋದೂ ಇಲ್ಲ ಬಿಡಿ."

ಬಿಲ್ಲೆಯನ್ನು ಕೌಂಟರಿನ ಮೇಲಿಟ್ಟಳು. ಒದ್ದೆ ಚೀಲವನ್ನೂ ಅದರ ಪಕ್ಕ, ಸೊಸೆಯ ಮುಂದೆ ಇಟ್ಟಳು. ಹೋದಳು.

ಮರುದಿನ ತಗಡಿನ ಬಾಗಿಲು ಕಿರುಗುಟ್ಟಲಿಲ್ಲ. ನಲ್ಲಿ ಮಾತ್ರ ತಿರುಗಿತು, ಬಹಳ ಹೊತ್ತು ಸುರಿಯುತ್ತಲೇ ಇತ್ತು. ಸೊಸೆ ತಡೆಯಲಾರದೆ ಇಳಿದು ಹೋದಳು. ಅತ್ತೆ ಕಲ್ಲಿನ ಮೇಲೆ ಕೂತಿದ್ದರು. ನೀರು ಕುಡಿದು ಭಾರವಾದ ಬೆಡ್‌ಶೀಟಿನ ಒಂದು ತುದಿ ಕೈಯಲ್ಲಿತ್ತು, ಹಿಂಡುವ ಶಕ್ತಿ ಕೈಯಲ್ಲಿರಲಿಲ್ಲ. ಸೊಸೆ ಇನ್ನೊಂದು ತುದಿ ಹಿಡಿದಳು.

"ಯಾವಾಗಿಂದ ಗೊತ್ತು ನಿನಗೆ?" ಎಂದರು ಅತ್ತೆ, ತಲೆ ಎತ್ತದೆ.

"ಪರೀಕ್ಷೆ ವಾರದಿಂದ."

"ಗೊತ್ತಿದ್ದೂ ಸುಮ್ಮನಿದ್ಯಾ?"

"ನೀವೂ ಸುಮ್ಮನಿದ್ರಲ್ಲ ಅತ್ತೆ."

ಇಬ್ಬರೂ ಎದುರುಬದುರು ನಿಂತು ಬೆಡ್‌ಶೀಟು ಹಿಂಡಿದರು.

ಅಂದಿನಿಂದ ಸೊಸೆಗೆ ಬೆಳಗೆಂಬುದು ಹಿಡಿತಕ್ಕೆ ಸಿಗದಾಯಿತು. ಸ್ನಾನ ಮಾಡಿಸಿ, ಒಗೆದು, ಗಾದಿ ಒರೆಸಿ ಮೇಲೆ ಬಂದರೆ ಹಾಲು ಕಾದಿಲ್ಲ. ಹಾಲು ಕಾಯಿಸಿದರೆ ಮಗಳ ಡಬ್ಬಿ ಆಗಿಲ್ಲ. ಕೌಂಟರಿಗೆ ಬರುವಷ್ಟರಲ್ಲಿ ಗಿರಾಕಿಗಳು ಬಾಗಿಲಲ್ಲಿ ಗಂಟು ಹಿಡಿದು ನಿಂತಿರುತ್ತಿದ್ದರು. ಇಸ್ತ್ರಿ ಮೇಜುಗಳಿಂದ ಕಿಸಕ್ಕೆನ್ನುವ ನಗು ಕೇಳುತ್ತಿತ್ತು.

"ಏನಾಗಿದೆ ನಿನಗೆ?" ಎಂದ ಯಜಮಾನ ಒಂದು ದಿನ, ಧ್ವನಿ ತಗ್ಗಿಸಿ. "ಮನೆಯವರೇ ಹಿಂಗೆ ಬಂದ್ರೆ ಆ ಹುಡುಗರಿಗೆ ನಾನು ಯಾವ ಮುಖ ಇಟ್ಕೊಂಡು ಹೇಳಲಿ?"

ಅಂದು ಸಂಜೆ ತರಕಾರಿ ತರುತ್ತೇನೆಂದು ಹೇಳಿ ಅವಳು ಇಸ್ತ್ರಿಯಕ್ಕನ ಮನೆ ಹುಡುಕಿಕೊಂಡು ಹೋದಳು. ಒಂದೇ ಕೋಣೆ, ಬಾಗಿಲಲ್ಲೇ ಒಲೆ. ಇಸ್ತ್ರಿಯಕ್ಕ ಈರುಳ್ಳಿ ಹೆಚ್ಚುತ್ತಿದ್ದಳು. ಹೋಟೆಲೊಂದರಲ್ಲಿ ಪಾತ್ರೆ ತಿಕ್ಕುವ ಕೆಲಸ ಹಿಡಿದಿದ್ದಳಂತೆ. ಬೆರಳ ಸಂದುಗಳು ಬೆಳ್ಳಗೆ ಬಿರಿದಿದ್ದವು. ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ.

"ಅತ್ತೆ ನಿನ್ನ ನೆನೆಸ್ಕೋತಾರೆ," ಎಂದು ಶುರುಮಾಡಿದಳು ಸೊಸೆ. "ಲಾಂಡ್ರಿಗೆ ಬೇಡ ಬಿಡು. ಬೆಳಿಗ್ಗೆ ಮನೆಗೆ ಬಂದು ಹೋಗು. ನನ್ನ ಕೈಯಿಂದ ಕೊಡ್ತೀನಿ, ಇವರಿಗೆ ಗೊತ್ತಾಗೋದು ಬೇಡ."

"ಅಲ್ಲಿ ಇಸ್ತ್ರಿಯಕ್ಕ ಅಂತಿದ್ರಿ. ಇನ್ನು ಬರೀ ಈ ಕೆಲಸಕ್ಕೆ ಬಂದ್ರೆ ಏನಂತೀರ ಅಮ್ಮ?"

ಸೊಸೆ ಖಾಲಿ ತರಕಾರಿ ಚೀಲವನ್ನು ಮಡಿಚತೊಡಗಿದಳು.

"ಅವತ್ತು ನೀವು ಬಾಗಿಲ ಸಂದೀಲಿ ನಿಂತಿದ್ದು ನಾನು ನೋಡಿದ್ದೆ," ಎಂದಳು ಇಸ್ತ್ರಿಯಕ್ಕ, ಈರುಳ್ಳಿಯಿಂದ ಕಣ್ಣೆತ್ತದೆ. "ದೊಡ್ಡಮ್ಮನ ಬೆನ್ನು ನಿಮ್ಮ ಕಡೆಗಿತ್ತು, ಅವರಿಗೆ ಕಾಣಲಿಲ್ಲ. ನನಗೆ ಕಂಡಿತು. ಒಳಗೊಳಗೇ ಖುಷಿಯಾಯ್ತು ಗೊತ್ತಾ? ದೊಡ್ಡಮ್ಮನಿಗೆ ನಾಚಿಕೆ, ಅವರ ಬಾಯಲ್ಲಿ ಬರಲ್ಲ. ಸದ್ಯ, ಅಮ್ಮಾವ್ರಿಗೆ ತಿಳೀತು, ಇನ್ನು ಅವರು ಹೇಳ್ತಾರೆ ಅಂದ್ಕೊಂಡೆ. ಇವತ್ತು ಹೇಳ್ತೀರ, ನಾಳೆ ಹೇಳ್ತೀರ ಅಂತ ನಿಮ್ಮನ್ನ ನಂಬ್ಕೊಂಡೇ ದಿನಾ ಹೋದೆ. ಇಲ್ದಿದ್ರೆ ಆ ವಾರಾನೇ ಬಿಟ್ಟುಬಿಡ್ತಿದ್ದೆ. ನನಗೇನು ಅವರು ಹೆತ್ತ ತಾಯಾ?"

ಸೊಸೆ ತರಕಾರಿ ಕೊಳ್ಳದೆ ಮನೆಗೆ ಬಂದಳು. ದಾರಿಯುದ್ದಕ್ಕೂ ಅವಳಿಗೆ ತನ್ನ ಮುಖವನ್ನು ಯಾರಿಗೂ ತೋರಿಸಬಾರದೆನಿಸಿತು.

ಊಟದ ಹೊತ್ತಿಗೆ ಎಲ್ಲ ಹೇಳಿಬಿಟ್ಟಳು. ಅತ್ತೆ ಎದುರಿಗೇ ಕೂತಿದ್ದರು, ಆದರೂ ಹೇಳಿದಳು. ಹಾಸಿಗೆ, ಹಿತ್ತಲು, ಒದ್ದೆ ಚೀಲ, ತಾನು ಕಂಡೂ ಕಾಣದಂತಿದ್ದದ್ದು, ಒಂದನ್ನೂ ಬಿಡಲಿಲ್ಲ.

ಮಗಳು ತಟ್ಟೆಯಲ್ಲಿ ಕೈಯಾಡಿಸುವುದನ್ನು ನಿಲ್ಲಿಸಿದಳು. "ಅಜ್ಜಿ, ಆಮೇಲೂ ನೀನು ಎಲ್ಲರ ಮುಂದೆ ಅವಳಿಗೆ ಹಾಗಂದ್ಯಾ? ಅಮ್ಮ, ನೀನೂ?"

ಯಜಮಾನ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟ. ಅವನ ಕಣ್ಣಲ್ಲಿ ನೀರು ಬಂದದ್ದನ್ನು ಸೊಸೆ ನೋಡಿದಳು. ಇನ್ನೇನು ಎದ್ದು ಇಸ್ತ್ರಿಯಕ್ಕನ ಮನೆಗೆ ಹೊರಡುತ್ತಾನೆ ಎಂದುಕೊಂಡಳು.

"ಮೊದಲೇ ಹೇಳಿದ್ರೆ ನಾನೇನು ಬೇಡ ಅಂತಿದ್ನಾ ಅಮ್ಮ?" ಎಂದ ಕೊನೆಗೆ.

"ಈಗ ಗೊತ್ತಾಯ್ತಲ್ಲ ರೀ. ಕರೀರಿ ಅವಳನ್ನ. ನೀವೇ ಹೋಗಿ ಕರೆದ್ರೆ ಬರ್ತಾಳೆ."

"ಏನಂತ ಕರೀಲಿ? ಡ್ರೈವರ್ ಕೇಳ್ತಾನೆ, ಯಾಕೆ ವಾಪಸ್ ತಗೊಂಡ್ರಿ ಅಂತ. ಅಮ್ಮ ಹಾಸಿಗೇಲಿ... ಅಂತ ಹೇಳೋಕಾಗತ್ತಾ ಅವನಿಗೆ? ಹಲಗೆ ಈಗಷ್ಟೇ ಒಂದು ಹಿಡಿತಕ್ಕೆ ಬಂದಿದೆ."

"ಹಾಗಾದ್ರೆ ಬೆಡ್‌ಶೀಟಾದ್ರೂ ಮೆಷಿನ್ನಿಗೆ ಹಾಕೋಣ."

"ಹೋಟೆಲಿನ ಬಟ್ಟೆ ಜೊತೆನಾ? ಆ ಮ್ಯಾನೇಜರ್ ಕಿವಿಗೆ ಬಿದ್ರೆ ಮುಗೀತು ಕಥೆ." ಅವನು ಅನ್ನಕ್ಕೆ ಕೈಹಾಕಿದ. ಮುಖದಲ್ಲಿ ಏನೋ ದೊಡ್ಡ ಗಂಟು ಬಿಚ್ಚಿದ ನಿರಾಳ ಕಾಣುತ್ತಿತ್ತು. "ಅಷ್ಟಕ್ಕೂ ಹೊರಗಿನವರು ಯಾಕೆ? ನೀನಿದ್ದೀಯಲ್ಲ. ಇಷ್ಟು ದಿನ ಮಾಡಿಲ್ವಾ? ಬೆಳಿಗ್ಗೆ ಸ್ವಲ್ಪ ಬೇಗ ಎದ್ರೆ ಎಲ್ಲ ಆಗತ್ತೆ."

ಸೊಸೆ ಅತ್ತೆಯ ಕಡೆ ನೋಡಿದಳು. ಅತ್ತೆ ಎಷ್ಟೋ ವಾರಗಳ ಮೇಲೆ ಹೊಟ್ಟೆ ತುಂಬ ಉಣ್ಣುತ್ತಿದ್ದರು. ಲೋಟ ಎತ್ತಿ ನೀರನ್ನು ಗಟಗಟ ಕುಡಿದು, ಇನ್ನೊಂದು ಲೋಟಕ್ಕೆ ಕೈ ಚಾಚಿದರು.

"ಅದೇ ನಾನೂ ಹೇಳೋದು," ಎಂದರು. "ಸೊಸೆ ಹತ್ರ ಎಂಥ ಮುಚ್ಚುಮರೆ?"

ಮರುದಿನ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಇಷ್ಟು ಕಾಲ ಪಿಸುಗುಟ್ಟುತ್ತಿದ್ದ ಕೆಳಗಿನ ಕೋಣೆಯಿಂದ ಇಡೀ ಮನೆಗೆ ಕೇಳುವಂಥ ದೊಡ್ಡ ಕೂಗು ಮೆಟ್ಟಿಲು ಹತ್ತಿ ಬಂತು:

"ಏ, ಎದ್ಯೇನೇ? ಹೊತ್ತಾಯ್ತು!"